ಒಂದೂವರೆ ಪಟ್ಟು ಮಾಸ್ತರು

ತಂಗಿಯ ಮಗ ಎಂಜಿನಿಯರಿಂಗ್ ಹುಡುಗರ ಗೇಟ್ ಪರೀಕ್ಷೆಗೆ ಓದಲಿಕ್ಕೆಂದು ಕಲಬುರಗಿಯ ನಮ್ಮ ಮನೆಯಲ್ಲಿ ಬೀಡುಬಿಟ್ಟಿದ್ದಾನೆ. ಓದು ಅಂದರೆ ಪುಸ್ತಕ ಹಿಡಿಯುವುದಲ್ಲ. ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಐಐಟಿಯ ಪ್ರೊಫೆಸರರನ್ನು ಓಡಿಸುವುದು. ಯಾವ ಪಾಠವನ್ನೂ ಆತ ಅದು ಇದ್ದ ವೇಗದಲ್ಲಿ ನೋಡಿದ್ದನ್ನು ನಾನು ಕಂಡಿಲ್ಲ. ಮಾಮೂಲಿ ದಿನ ಒಂದೂವರೆ ಪಟ್ಟು, ಅವಸರವಿದ್ದರೆ ಎರಡು. ಇಷ್ಟು ದಿನ ಇಯರ್‌ಫೋನ್ ಇತ್ತು, ಅವನ ಪಾಡಿಗೆ ಅವನಿದ್ದ. ಮೊನ್ನೆ ಅದು ಕೆಟ್ಟಿತು, ಇಡೀ ಮನೆಗೆ ಥರ್ಮೊಡೈನಮಿಕ್ಸ್ ಶುರುವಾಯಿತು. ಪಾಠ ಮಾಡುವ ಪ್ರೊಫೆಸರರು ನೋಡಿದರೆ ಶಾಂತ ಸ್ವಭಾವದ ಹಿರಿಯರು. ಪಾಪ, ಹಲಗೆಯ ಈ ತುದಿಯಿಂದ ಆ ತುದಿಗೆ ಹಾರುತ್ತಿದ್ದಾರೆ, ಚಾಕ್‌ಪೀಸ್ ಟಕಟಕ ಅನ್ನುತ್ತಿದೆ, ಎಂಟ್ರೊಪಿ ಎಂಬ ಮಾತು ಅವರ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಸಮೀಕರಣ ಬಂದು ಕೂತಿದೆ.

"ಸ್ವಲ್ಪ ನಿಧಾನಕ್ಕ ಹಾಕೋ, ಅವರಿಗಾದ್ರೂ ಉಸಿರು ತೊಗೊಳ್ಳಿ" ಅಂದೆ.

"ನಿಧಾನ ಹಾಕಿದ್ರ ಸರ್ ನಿದ್ದಿ ಹಚ್ತಾರ್ರಿ ಮಾಮಾ. ಇನ್ನೂ ಎಷ್ಟು ಲೆಕ್ಚರ್ ಬಾಕಿ ಅವ ಗೊತ್ತದೇನು?"

ಸಿಟ್ಟು ಬಂತು. ಯಾಕೆ ಬಂತು ಅಂತ ವಿಚಾರ ಮಾಡುತ್ತಾ ಚಹಾ ಕುಡಿದು ಮುಗಿಸುವಷ್ಟರಲ್ಲಿ ವಿಡಿಯೋ ಪಾಠದ ಬಗ್ಗೆ ನನ್ನದೇ ಒಂದು ಸಿದ್ಧಾಂತ ತಯಾರಾಗಿತ್ತು. ಅದನ್ನು ಸಾವಕಾಶವಾಗಿ ಹೇಳುತ್ತೇನೆ. ಮೊದಲು ಒಂದು ಮಾತು: ನಾನೇನು ಈ ವಿಡಿಯೋಗಳ ವೈರಿಯಲ್ಲ. ಪೆನ್ಷನ್ ಬಂದ ಮೇಲೆ ನನಗೆ ಹತ್ತಿಕೊಂಡಿರುವ ಚಟವೇ ಅದು. ಅಮೆರಿಕದ ಎಂಐಟಿಯ ಗಣಿತದ ಪ್ರೊಫೆಸರ್ ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜಿಬ್ರಾ ಪಾಠಗಳನ್ನು ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಹಾಕಿಕೊಂಡು ಕೂರುತ್ತೇನೆ. ಮ್ಯಾಟ್ರಿಕ್ಸ್ ಕಟ್ಟಿಕೊಂಡು ನನಗೆ ಆಗಬೇಕಾದದ್ದೇನೂ ಇಲ್ಲ. ಆ ಮನುಷ್ಯ ಹಲಗೆಯ ಮೇಲೆ ನಾಲ್ಕು ಅಂಕಿ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ತಾನು ಬರೆದದ್ದನ್ನು ತಾನೇ ಮೊದಲ ಸಲ ಕಂಡವರ ಹಾಗೆ ನೋಡುತ್ತಾ ನಿಲ್ಲುತ್ತಾರಲ್ಲ, ಆ ನಿಲ್ಲುವುದನ್ನು ನೋಡಲಿಕ್ಕೆ ಕೂರುವುದು. 2023ರ ಮೇ ತಿಂಗಳಲ್ಲಿ, 88ರ ವಯಸ್ಸಿನಲ್ಲಿ ಅವರು ಕೊನೆಯ ಪಾಠ ಮಾಡಿದರು. ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದನ್ನೂ ನಮ್ಮ ಹುಡುಗ ಎರಡು ಪಟ್ಟು ವೇಗದಲ್ಲೇ ನೋಡಿದ.

ಪಾಠದ ಕಥೆ ಇದಾದರೆ ಸಂದರ್ಶನಗಳದ್ದು ಇನ್ನೊಂದು. ಈಗ ಎಲ್ಲಿ ನೋಡಿದರೂ ವಿಜ್ಞಾನಿಗಳ ಸಂದರ್ಶನ. ನೀಲಿ ದೀಪ, ಮೂತಿಯ ಮುಂದೆ ತೆಂಗಿನಕಾಯಿ ಗಾತ್ರದ ಮೈಕು, ಎರಡೂವರೆ ತಾಸು. ಮೊನ್ನೆ ಹಿರಿಯ ರಾಕೆಟ್ ವಿಜ್ಞಾನಿಯೊಬ್ಬರು ಕ್ರಯೋಜೆನಿಕ್ ಎಂಜಿನ್ ಬಗ್ಗೆ ಹೇಳಲಿಕ್ಕೆ ಹತ್ತಿದ್ದರು. ದ್ರವ ಜಲಜನಕ ಮೈನಸ್ 253 ಡಿಗ್ರಿಯಲ್ಲೇ ಕುದ್ದು ಆವಿಯಾಗುತ್ತದೆ, ದ್ರವ ಆಮ್ಲಜನಕ ಮೈನಸ್ 183ರಲ್ಲಿ. ಇಷ್ಟು ತಣ್ಣಗಿನ ಎರಡನ್ನೂ ಅಕ್ಕಪಕ್ಕ ತುಂಬಿಕೊಂಡು, ಅದರ ಬುಡದಲ್ಲೇ ಮೂರು ಸಾವಿರ ಡಿಗ್ರಿ ಬೆಂಕಿ ಹಚ್ಚಬೇಕು ಅಂದರು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅಷ್ಟರಲ್ಲಿ ಸಂದರ್ಶನ ಮಾಡುತ್ತಿದ್ದ ಹುಡುಗ, "ಸೂಪರ್ ಸರ್. ನೀವು ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?" ಅಂತ ಕೇಳಿಬಿಟ್ಟ. ಅವರು ಸಂಭಾವಿತರು, ಐದು ಗಂಟೆಗೆ ಏಳುತ್ತೇನೆ ಅಂದರು. ಮುಂದೆ ಯೋಗ, ಆಮೇಲೆ ದೇವರು, ಆಮೇಲೆ ಯುವಕರಿಗೆ ಸಂದೇಶ. ಆ ಜಲಜನಕ ಇನ್ನೂ ಟ್ಯಾಂಕಿನಲ್ಲೇ ಕುದಿಯುತ್ತಿದೆ. ವಿಡಿಯೋದ ಮೇಲೆ ಹಚ್ಚಿದ ಚಿತ್ರವೋ, ಬಾಯಿ ತೆರೆದ ಮುಖ, ಕೆಂಪು ಬಾಣ, 'ವಿಜ್ಞಾನಿ ಬಿಚ್ಚಿಟ್ಟ ಭಯಾನಕ ಸತ್ಯ'. ಐದಕ್ಕೆ ಏಳುವುದು ಭಯಾನಕವೇ, ಒಪ್ಪುತ್ತೇನೆ.

ಇದನ್ನೆಲ್ಲ ಊಟಕ್ಕೆ ಕೂತಾಗ ಗೊಣಗಿದೆ. ಹುಡುಗ ನಗುತ್ತಾ, "ನಿಮ್ಮ ಕಾಲದಾಗ ಇವೆಲ್ಲಾ ಎಲ್ಲಿದ್ವು ಬಿಡ್ರಿ ಮಾಮಾ" ಅಂದ.

ಸಿಕ್ಕಿಬಿದ್ದ.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ನಾವು 1975ರಲ್ಲೇ ಟಿವಿಯ ಮುಂದೆ ಕೂತು ವಿಜ್ಞಾನದ ಪಾಠ ಕೇಳಿದವರು, ಅದೂ ಸೀದಾ ಉಪಗ್ರಹದಿಂದ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೈಗಡ ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ ಬಿತ್ತರಿಸಿದ ಪ್ರಯೋಗ ಅದು. ಸೈಟ್ ಅಂತ ಅದಕ್ಕೆ ಹೆಸರು. ವಿಕ್ರಂ ಸಾರಾಭಾಯಿ ಕಂಡ ಕನಸು. ಅವರು ತೀರಿಕೊಂಡ ಮೇಲೆ ವಿಜ್ಞಾನಿ ಯಶ್ ಪಾಲ್ ನೇತೃತ್ವದಲ್ಲಿ ಅಹ್ಮದಾಬಾದಿನ ಇಸ್ರೋ ಕೇಂದ್ರದವರು ನಡೆಸಿದರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗದೊಳಗೇ ಇತ್ತು. ಹಿಂದುಳಿದವರು ಅಂತಲೇ ಆರಿಸಿದರು ಅನ್ನಿ. ಹಿಂದುಳಿದದ್ದಕ್ಕೆ ನಮಗೆ ಮೊದಲು ಸಿಕ್ಕ ವಸ್ತು ಬಹುಶಃ ಅದೊಂದೇ. ಈ ಮಾತನ್ನು ಬೆಂಗಳೂರಿನ ಬೀಗರ ಮುಂದೆ ನಾನು ಆಗಾಗ ಹೇಳುವುದುಂಟು, ಅವರು ಆಗಾಗ ನಂಬದೇ ಇರುವುದೂ ಉಂಟು.

ಆಗ ನಾನು ಮೂರನೇ ತರಗತಿ. ಸಾಲಿಯ ಮುಂದೆ ಮೂರು ಮೀಟರ್ ಅಗಲದ ಛತ್ರಿ, ಅಂದರೆ ಡಿಶ್ ಆಂಟೆನಾ, ಬಂದು ನಿಂತಿತು. ಕೋಳಿಗೂಡಿಗೆ ಬಡಿಯುವಂಥ ತಂತಿ ಜಾಳಿಗೆಯಿಂದಲೇ ಮಾಡಿದ್ದು. ಅದರ ಮುಖ ಪಡುವಣಕ್ಕಿತ್ತು. ಇಡೀ ಊರಿಗೆ ಇದು ದೊಡ್ಡ ಚರ್ಚೆ. ನಮ್ಮ ಮುತ್ಯಾನ ತಕರಾರು ಏನೆಂದರೆ, ಸರ್ಕಾರ ಇರುವುದು ದಿಲ್ಲಿಯಲ್ಲಿ, ದಿಲ್ಲಿ ಇರುವುದು ಬಡಗಲಿಗೆ, ಇವರು ಛತ್ರಿಯನ್ನು ಅಫಜಲಪುರದ ಕಡೆ ತಿರುಗಿಸಿ ನಿಲ್ಲಿಸಿದ್ದಾರೆ.

"ಮಾಸ್ತರ, ಇದು ಉಲ್ಟಾ ಕುಂತದ. ದಿಲ್ಲಿ ಆ ಕಡಿ."

"ದಿಲ್ಲಿ ಕಡಿ ಅಲ್ಲ ಮುತ್ಯಾ, ಇದು ಆಫ್ರಿಕಾ ಕಡಿ ನೋಡ್ಲಕತ್ತದ" ಅಂದರು ನಮ್ಮ ಮಾಸ್ತರು.

ಇದರಿಂದ ವಿಷಯ ಇನ್ನೂ ಕೆಟ್ಟಿತು. ತೊಗರಿಗೆ ಹುಳ ಬಿದ್ದರೆ ಏನು ಹೊಡೆಯಬೇಕು ಅಂತ ಕೇಳಲಿಕ್ಕೆ ಆಫ್ರಿಕಾಕ್ಕೆ ಯಾಕೆ ಹೋಗಬೇಕು? ಉಪಗ್ರಹ ಭೂಮಧ್ಯರೇಖೆಯ ಮೇಲೆ, ಕೀನ್ಯಾ ದೇಶದ ನೆತ್ತಿಯ ಮೇಲೆ, 36,000 ಕಿಲೋಮೀಟರ್ ಎತ್ತರದಲ್ಲಿದೆ ಎಂದು ಮಾಸ್ತರರು ಬಾಯಲ್ಲಿ ಹೇಳಿ ಸೋತರು. ಅಷ್ಟು ಮೇಲಿದ್ದದ್ದು ಬೀಳುವುದಿಲ್ಲ ಅಂದರೆ ತಿರುಗುತ್ತಿರಬೇಕು, ತಿರುಗುತ್ತಿದ್ದರೆ ಛತ್ರಿಯೂ ಅದರ ಹಿಂದೆ ತಿರುಗಬೇಕಲ್ಲ, ಇದು ಯಾಕೆ ಗಟ್ಟಿಯಾಗಿ ನಿಂತಿದೆ ಎಂಬುದು ಮುತ್ಯಾನ ಮುಂದಿನ ಪ್ರಶ್ನೆ. ಎಂಥಾ ಪ್ರಶ್ನೆ ನೋಡಿ! ಸಾಲಿಯ ಮುಖ ಕಾಣದ ಮನುಷ್ಯ.

ಮಾಸ್ತರರು ಹೆಗಲ ಮೇಲಿನ ಟವೆಲ್ ತೆಗೆದರು. ಒಂದು ತುದಿ ತಮ್ಮ ಎದೆಗೆ ಹಿಡಿದುಕೊಂಡು ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. "ನಾ ಭೂಮಿ, ನೀ ಉಪಗ್ರಹ. ಸುತ್ತು ಹಾಕು." ಅವರು ನಿಂತಲ್ಲೇ ತಿರುಗಿದರು, ನಾನು ಸುತ್ತ ಓಡಿದೆ. ಅವರದು ಒಂದು ಸುತ್ತು ಮುಗಿಯುವಷ್ಟರಲ್ಲಿ ನನ್ನದೂ ಒಂದು ಮುಗಿಯಬೇಕು. ನಾನು ಅವಸರ ಮಾಡಿದರೆ ಟವೆಲ್ ಅವರ ಮೈಗೆ ಸುತ್ತಿಕೊಳ್ಳುತ್ತಿತ್ತು, ಹಿಂದೆ ಬಿದ್ದರೂ ಸುತ್ತಿಕೊಳ್ಳುತ್ತಿತ್ತು. ಸರಿಯಾಗಿ ಓಡಿದಾಗ ಮಾತ್ರ ಬಿಗಿಯಾಗಿ ನೇರ ನಿಂತಿತು. "ನೋಡ್ರಿ ಮುತ್ಯಾ, ನನ್ನ ಎದಿ ಅಂದ್ರ ನಮ್ಮೂರು. ಈ ಹುಡುಗ ತಿರುಗ್ಲಕತ್ತಾನ, ನಾನೂ ತಿರುಗ್ಲಕತ್ತೀನಿ, ಆದರ ನನ್ನ ಎದಿ ಮುಂದ ಯಾವಾಗಲೂ ಅವನದೇ ಮಾರಿ." ಮುತ್ಯಾ ಬಹಳ ಹೊತ್ತು ನೋಡಿದ. ಇನ್ನೊಮ್ಮೆ ಮಾಡು ಅಂದ. ಇನ್ನೊಮ್ಮೆ ಮಾಡಿದೆವು. ಮತ್ತೊಮ್ಮೆ ಅಂದ. ಭೂಮಿಗೆ ತಲೆಸುತ್ತು ಬಂದು ಕಟ್ಟೆಯ ಮೇಲೆ ಕೂತಿತು. ಮುತ್ಯಾ ಎದ್ದು ಹೋಗುವಾಗ, "ಅದೆಲ್ಲಾ ಖರೆ, ಆದ್ರ ದಿಲ್ಲಿ?" ಅಂದ.

ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರಿಗೆ. ಉಪಗ್ರಹದಿಂದ ಒಂದು ಚಿತ್ರಕ್ಕೆ ಎರಡು ಧ್ವನಿ ಬರುವ ವ್ಯವಸ್ಥೆ ಇತ್ತು. ಏನೋ ಹೆಚ್ಚುಕಡಿಮೆಯಾಗಿ ಒಂದು ಸಂಜೆ ನಮಗೆ ತೆಲುಗು ಬಂತು. ಯಾರೂ ಎದ್ದು ಹೋಗಲಿಲ್ಲ, ಸೇಡಂ ಸೀಮೆಯಲ್ಲಿ ತೆಲುಗಿಗೆ ಯಾರು ಹೆದರುತ್ತಾರೆ? ಹೆದರಿದವರು ಧಾರವಾಡದ ಕಡೆಯ ಮಾಸ್ತರರೊಬ್ಬರೇ. ಅಂದು ಮುತ್ಯಾ ಅವರ ಕಿವಿಯಲ್ಲಿ ಟಿವಿಯ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಕೂತ. ನಡುನಡುವೆ ತನ್ನದೂ ಸೇರಿಸಿದ ಅಂತ ಆಮೇಲೆ ಗೊತ್ತಾಯಿತು.

ಮುತ್ಯಾ ಟಿವಿಯ ಜೊತೆ ವಾದಕ್ಕೂ ಇಳಿಯುತ್ತಿದ್ದ. ಕೋಟು ಹಾಕಿಕೊಂಡ ಕೃಷಿ ತಜ್ಞ ತೊಗರಿಯ ಸಾಲಿನಿಂದ ಸಾಲಿಗೆ ಇಷ್ಟು ಅಂತರ ಬಿಡಿ ಅಂದ ಕೂಡಲೇ ಎದ್ದು ನಿಂತು, "ಏ ತಮ್ಮಾ, ನಮ್ಮದು ಕರಿಮಣ್ಣು, ನೀ ಒಮ್ಮಿ ಬಂದು ನೋಡು" ಅನ್ನುತ್ತಿದ್ದ. ಕೋಟಿನವನು ಕೇಳಿಸಿಕೊಳ್ಳದೆ ಮುಂದಕ್ಕೆ ಹೋದಾಗ ಇದು ಸೊಕ್ಕು ಅಂತ ತೀರ್ಮಾನಿಸಿದ. ಮಾಸ್ತರರು, "ಅವರಿಗೆ ಕೇಳ್ಸಂಗಿಲ್ಲ, ನನಗ ಹೇಳ್ರಿ" ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗ್ರಾಮಸೇವಕನ ಕೈಗೆ ಕೊಡುತ್ತಿದ್ದರು. ಗ್ರಾಮಸೇವಕ ಯಾವಾಗಲೋ ಬಂದು, ಹೊಲದ ಬದುವಿನ ಮೇಲೆ ನಿಂತು, ಮುತ್ಯಾನಿಂದ ಎರಡು ತಾಸು ಬೈಸಿಕೊಂಡು ಹೋಗುತ್ತಿದ್ದ.

1976ರ ಜುಲೈ 31ಕ್ಕೆ ಕರಾರು ಮುಗಿಯಿತು, ಅಮೆರಿಕದವರು ಉಪಗ್ರಹವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಮರುವರ್ಷ ಗುಲ್ಬರ್ಗಕ್ಕೇ ಪ್ರಸಾರ ಕೇಂದ್ರ ಬಂತೆಂದು ಊರು ಖುಷಿಪಟ್ಟಿತು. ಮುತ್ಯಾ ಮಾತ್ರ ಕಡೆತನಕ ಆ ಕೋಟಿನವನ ಮೇಲೆ ಹಗೆ ಸಾಧಿಸಿದ. ಉತ್ತರ ಕೊಡುವುದು ಬಿಟ್ಟು ಆಫ್ರಿಕಾಕ್ಕೆ ಓಡಿಹೋದ ಅನ್ನುತ್ತಿದ್ದ.

ಇಷ್ಟು ಹೇಳುವ ಹೊತ್ತಿಗೆ ಹುಡುಗನ ತಟ್ಟೆ ಒಣಗಿತ್ತು. ಮಧ್ಯೆ ಒಮ್ಮೆ ಗಡಿಯಾರ ನೋಡಿದ. ನನಗೂ ಒಂದೂವರೆ ಪಟ್ಟಿನ ಗುಂಡಿ ಎಲ್ಲಾದರೂ ಇದೆಯೇ ಅಂತ ಹುಡುಕುತ್ತಿದ್ದ ಅಂತ ಕಾಣುತ್ತದೆ. ಸಿದ್ಧಾಂತಕ್ಕೆ ಬರೋಣ ಅನ್ನುವಷ್ಟರಲ್ಲಿ ಅವನೇ, "ಇದನ್ನ ನೋಡ್ರಿ, ಸಂದರ್ಶನ ಅಂದ್ರ ಇದು" ಅಂತ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರ ವಿಡಿಯೋ ಹಚ್ಚಿದ. 1983ರಲ್ಲಿ ಬಿಬಿಸಿಯವರು ಮಾಡಿದ್ದು. ಎರಡು ಅಯಸ್ಕಾಂತಗಳು ಒಂದನ್ನೊಂದು ಯಾಕೆ ದೂಡುತ್ತವೆ ಅಂತ ಕೇಳಿದರೆ ಮನುಷ್ಯ ಉತ್ತರವನ್ನೇ ಕೊಡುವುದಿಲ್ಲ. ಮಿನ್ನಿ ಚಿಕ್ಕಮ್ಮ ಆಸ್ಪತ್ರೆಯಲ್ಲಿದ್ದಾಳೆ, ಯಾಕೆ? ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿಯಿತು. ಜಾರಿದ್ದು ಯಾಕೆ? ಮಂಜುಗಡ್ಡೆ ಜಾರುವುದು ಯಾಕೆ? ಹೀಗೆ ಎಳೆಯುತ್ತಾ ಹೋಗಿ, ಕೊನೆಗೆ, ನಿನಗೆ ಗೊತ್ತಿರುವ ಬೇರೆ ಯಾವುದರ ಮೂಲಕವೂ ಇದನ್ನು ಹೇಳಲಾರೆ. ರಬ್ಬರ್ ಬ್ಯಾಂಡಿನ ಹಾಗೆ ಅಂದರೆ ಮೋಸವಾಗುತ್ತದೆ, ಯಾಕೆಂದರೆ ರಬ್ಬರಿನ ಎಳೆತದ ಹಿಂದಿರುವುದೂ ಇವೇ ಬಲಗಳು ಅನ್ನುತ್ತಾರೆ. ಏಳು ನಿಮಿಷದ ಜಗಳ. ಬೆಳಿಗ್ಗೆ ಎದ್ದೇಳುವ ಸಮಯವನ್ನು ಅದರಲ್ಲಿ ಯಾರೂ ಕೇಳಲಿಲ್ಲ.

ಬಾಗಿಲಲ್ಲಿ ತೊಗರಿಬೇಳೆ ಆರಿಸುತ್ತಾ ಕೂತಿದ್ದ ನಮ್ಮ ಮನೆಯವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಹುಡುಗ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ. ಗಂಡ ಆಸ್ಪತ್ರೆಗೆ ಫೋನ್ ಮಾಡಿದ್ದಕ್ಕೆ ಮಿನ್ನಿ ಅಲ್ಲಿಗೆ ಮುಟ್ಟಿದಳು, ಆದರೆ ಎಲ್ಲಾ ಗಂಡಂದಿರೂ ಹಾಗಿರುವುದಿಲ್ಲ ಎಂದು ಫೈನ್‌ಮನ್ ಒಂದು ಮಾತು ಸೇರಿಸುತ್ತಾರೆ. ಆ ಜಾಗದಲ್ಲಿ ನಮ್ಮನೆಯವರು ತಲೆ ಎತ್ತಿ ನನ್ನ ಕಡೆ ನೋಡಿದರು.

"ಆಮ್ಯಾಲ ಆ ಮುದುಕಿಗಿ ಏನಾಯ್ತು?"

"ಅತ್ತೀ, ಅದು ಉದಾಹರಣಿ ಅದ್ರಿ. ಅಂಥಾಕಿ ಯಾರೂ ಇಲ್ಲ."

"ಉದಾಹರಣಿ ಆದ್ರೇನು? ಸೊಂಟ ಮುರಿದದ್ದು ಹೇಳ್ದ ಮ್ಯಾಲ ಕೂಡಿದ್ದೂ ಹೇಳ್ಬೇಕಲ್ಲ."

ವಿಡಿಯೋ ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದೆವು, ಅದರ ಮಾಮೂಲಿ ವೇಗದಲ್ಲೇ. ಕೇಳಿದವನು ಅದೊಂದನ್ನು ಕೇಳಿಯೇ ಇಲ್ಲ.