ಮೆಟ್ಟುಗತ್ತಿಯ ಮುಂದೆ ಬಿಗ್ ಬಾಸ್

ದಿಲ್ಲಿಯ ಕೆಮ್ಮನ್ನು ಶಿರಸಿಗೆ ಸಾಗಿಸಿದವನು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

2025ರ ಜನವರಿ. ಮಗಳ ಶಾಲೆಗೆ ಚಳಿಗಾಲದ ರಜೆ. ನಿಜಾಮುದ್ದೀನ್‌ನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುವಾಗಲೇ ಗಂಟಲು ಕೆರೆಯುತ್ತಿತ್ತು. ಕಾರವಾರದಲ್ಲಿ ಇಳಿಯುವ ಹೊತ್ತಿಗೆ ಮೈ ಬೆಚ್ಚಗಾಗಿತ್ತು. ಹಿಂದಿನ ನವೆಂಬರಿನಿಂದಲೇ ನಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ಕೆಮ್ಮುತ್ತಲೇ ಇದ್ದೆವು. ಆ ತಿಂಗಳ 18ರಂದು ದಿಲ್ಲಿಯ ಗಾಳಿಯ ಸೂಚ್ಯಂಕ 490 ದಾಟಿತ್ತು. 400 ದಾಟಿದರೇ 'ತೀವ್ರ' ಅನ್ನುತ್ತಾರೆ, 500ಕ್ಕೆ ಅಳತೆಯೇ ಮುಗಿಯಿತು. ಶಾಲೆ ಆನ್‌ಲೈನ್ ಆಯಿತು, ಕಿಟಕಿಗಳೆಲ್ಲ ಬಂದ್. ಊರಲ್ಲಿ ಚಳಿಗಾಲ ಅಂದರೆ ಕಿಟಕಿ ತೆಗೆದು ಇಬ್ಬನಿ ನೋಡುವ ಕಾಲ. ಇಲ್ಲಿ ಕಿಟಕಿಯ ಸಂದಿಗೆ ಟೇಪು ಹಚ್ಚುವ ಕಾಲ.

ಕಾರವಾರ ಹೆಂಡತಿಯ ತವರು. ಅಲ್ಲಿ ಒಂದು ರಾತ್ರಿ ಉಳಿದೆವು. ಅತ್ತೆಯವರು ಕುಚ್ಚಲಕ್ಕಿ ಗಂಜಿ ಬಡಿಸಿ, ಪಕ್ಕಕ್ಕೆ ಉಪ್ಪಿನಕಾಯಿ ಹಾಕಿ, ನನ್ನನ್ನು ಮರುಕದಿಂದ ನೋಡಿದರು. "ಖಾರವಾಗಿ ಬಂಗಡೆ ಸಾರು ಉಂಡಿದ್ರೆ ನೆಗಡಿ ನಾಳೆಗೇ ಓಡಿಹೋಗ್ತಿತ್ತು. ನೀವು ತಿನ್ನೂದಿಲ್ವಲ್ಲ." ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರಿಗೆ ಇದೊಂದು ಕೊರಗು. ಅವರ ಟಿವಿಯಲ್ಲಿ ಹಿಂದಿ ಬಿಗ್ ಬಾಸ್ ನಡೆಯುತ್ತಿತ್ತು. ಮರಾಠಿಯದು ಅಕ್ಟೋಬರಿನಲ್ಲೇ ಮುಗಿದಿತ್ತು, ಇಲ್ಲದಿದ್ದರೆ ಅದೇ ಇರುತ್ತಿತ್ತು. ಮಾವನವರು ಕನ್ನಡದ್ದು ಹಾಕು ಅನ್ನುತ್ತಾರೆ, ಅತ್ತೆ ರಿಮೋಟ್ ಸೆರಗಿನ ಅಡಿಗೆ ಇಟ್ಟುಕೊಳ್ಳುತ್ತಾರೆ. ಗಡಿ ಊರಿನ ಸಂಸಾರ ಹೀಗೇ.

ಮರುದಿನ ಘಟ್ಟ ಹತ್ತಿದೆವು. ನಮ್ಮ ಮನೆ ಶಿರಸಿಗೂ ಸಿದ್ದಾಪುರಕ್ಕೂ ನಡುವೆ. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಆಯಿ, ಅಂದರೆ ಅಮ್ಮ, ಮುಖ ನೋಡಿಯೇ ಹೇಳಿದಳು, "ತಮಾ, ಜ್ವರ ಬೈಂದು ನಿಂಗೆ." ಥರ್ಮಾಮೀಟರ್ ನನ್ನ ಬ್ಯಾಗಿನಲ್ಲೇ ಇತ್ತು. ಯಾರೂ ಕೇಳಲಿಲ್ಲ.

ದಿಲ್ಲಿಯಲ್ಲಿ ಜ್ವರ ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇವೆ. ಮಾತ್ರೆ ಫೋನಿನಲ್ಲಿ ಬರುತ್ತದೆ, ವೈದ್ಯರೂ ಫೋನಿನಲ್ಲಿ ಬರುತ್ತಾರೆ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬರುತ್ತವೆ. ಅದನ್ನು ಹೀಗಳೆಯುವುದಿಲ್ಲ. ಹೆಂಡತಿಗೆ ಹಿಂದೊಮ್ಮೆ ಫ್ಲೂ ಆದಾಗ ಎದುರು ಮನೆಯ ಪಂಜಾಬಿ ಅಜ್ಜಿ ದಿನವೂ ಖಿಚಡಿಯ ಡಬ್ಬಿಯನ್ನು ನಮ್ಮ ಬಾಗಿಲ ಹಿಡಿಕೆಗೆ ನೇತುಹಾಕಿ, ಬೆಲ್ ಒತ್ತಿ, ನಾವು ಬಾಗಿಲು ತೆಗೆಯುವುದರೊಳಗೆ ಹೋಗಿಬಿಡುತ್ತಿದ್ದರು. ದೂರ ಇರುವುದೂ ಒಂದು ಉಪಕಾರ ಅಂತ ನನಗೆ ಕಲಿಸಿದವರು ಅವರು.

ಊರಲ್ಲಿ ನನ್ನನ್ನು ಜಗಲಿಯಲ್ಲಿ ಮಲಗಿಸಿದರು. ಪ್ರದರ್ಶನಕ್ಕೆ ಇಟ್ಟರು ಅಂದರೂ ನಡೆಯುತ್ತದೆ. ಮೊದಲು ಬಂದದ್ದು ಆಚೆಮನೆ ದೊಡ್ಡಪ್ಪ. ನಾಡಿ ಹಿಡಿದು, "ಪಿತ್ತ" ಅಂದ. ಆಮೇಲೆ ಅವನ ಸೊಸೆ ದೊಡ್ಡಪತ್ರೆ ಎಲೆ ತಂದಳು. ಬಾಡಿಸಿ, ರಸ ಹಿಂಡಿ, ಜೇನು ಹಾಕಿ ಕುಡಿಯಬೇಕಂತೆ. ಅಡಿಕೆ ಕೊನೆ ಕೊಯ್ಯಲು ಬಂದ ಕೊನೆಗೌಡ ದೋಟಿಯನ್ನು ಅಂಗಳದಲ್ಲಿ ಒರಗಿಸಿ, ಮೆಟ್ಟಿಲ ಮೇಲೆ ಕೂತು, ಅಮೃತಬಳ್ಳಿ ಎಷ್ಟು ಗೇಣು ಕುದಿಸಬೇಕು ಅಂತ ವಿವರಿಸಿದ. ಬಂದವರಿಗೆಲ್ಲ ಅತ್ತಿಗೆ "ಆಸರಿಗೆ ಎಂತ ಮಾಡ್ಲಿ?" ಅಂತ ಕೇಳಬೇಕು. ನನಗೆ ಜ್ವರ ಬಂದರೆ ಅತ್ತಿಗೆಗೆ ಹದಿನೈದು ಲೋಟ ಜಾಸ್ತಿ ತೊಳೆಯುವ ಕೆಲಸ. ಇದನ್ನು ನಮ್ಮ 'ಊರಿನ ಪ್ರೀತಿ'ಯ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ.

ಕಷಾಯ ಮಾತ್ರ ನಿಜಕ್ಕೂ ಹಿತವಾಗಿತ್ತು. ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಪುಡಿ, ಬೆಲ್ಲ, ಹಾಲು. ಅದರಿಂದ ವೈರಸ್ ಸಾಯುತ್ತದೆ ಅಂತ ನಾನು ಹೇಳುವುದಿಲ್ಲ. ಬಿಸಿಯಾಗಿ ಏನೋ ಗಂಟಲಿಗೆ ಇಳಿಯುತ್ತದೆ, ಅಷ್ಟು ಸಾಕು.

ಮೂರನೇ ದಿನವೂ ಜ್ವರ ಬಿಡದಿದ್ದಾಗ ಪೇಟೆಯ ವೈದ್ಯರ ಹತ್ತಿರ ಹೋದೆ. ಅವರು ಸ್ಟೆತಸ್ಕೋಪ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಬೆಟ್ಟಕ್ಕೆ ಹೋಗಿದ್ರಾ? ಉಣುಗು ಕಚ್ಚಿದೆಯಾ?" ನಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಯಾರಿಗೇ ಜ್ವರ ಬಂದರೂ ಮೊದಲು ಬರುವ ಮಾತು ಇದು. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದದ್ದು, ಇನ್ನೂ ಬಿಟ್ಟು ಹೋಗಿಲ್ಲ. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಸಾವೂ ಆಗಿತ್ತು. ಹಳೆಯ ಲಸಿಕೆಯನ್ನು ನಿಲ್ಲಿಸಿದ್ದಾರೆ. ಸದ್ಯ ಕೈಯಲ್ಲಿರುವುದು ಬೆಟ್ಟಕ್ಕೆ ಹೋಗುವ ಮೊದಲು ಮೈಗೆ ಹಚ್ಚುವ ಡೇಪಾ ಎಣ್ಣೆ ಮತ್ತು ಜ್ವರ ಬಂದ ಕೂಡಲೇ ರಕ್ತ ಪರೀಕ್ಷೆ. ದಿಲ್ಲಿಯಲ್ಲಿ ಚಳಿಗಾಲದ ಹೆದರಿಕೆ ಗಾಳಿಯಲ್ಲಿದೆ, ನಮ್ಮೂರಲ್ಲಿ ಒಣಗಿದ ಎಲೆಯ ಅಡಿಯಲ್ಲಿದೆ. ರೈಲಿನಿಂದಲೇ ಜ್ವರ ತಂದಿದ್ದೇನೆ ಅಂದಾಗ ವೈದ್ಯರು ನಕ್ಕರು. ಮಾಮೂಲಿ ವೈರಲ್, ಆಂಟಿಬಯೋಟಿಕ್ ಬೇಡ ಅಂದರು. ಬರೀ ಪ್ಯಾರಾಸಿಟಮಾಲ್ ಹಿಡಿದುಕೊಂಡು ವಾಪಸ್ ಬಂದದ್ದಕ್ಕೆ ಮನೆಯಲ್ಲಿ ಬೇಸರ. "ಒಂದು ಇಂಜೆಕ್ಷನ್ನೂ ಕೊಡ್ಲಿಲ್ವಾ?"

ಇನ್ನು ರಾತ್ರಿಯ ಸಂಗತಿ. ಇದನ್ನು ಹೇಳುವುದಕ್ಕೇ ಬರೆಯಲು ಕೂತದ್ದು.

ಜನವರಿ ಅಂದರೆ ಅಡಿಕೆ ಸುಲಿಯುವ ಕಾಲ. ಈಗ ಸುಲಿಯುವ ಯಂತ್ರ ಬಂದಿದೆ, ನಮ್ಮನೆಯಲ್ಲಿ ಇನ್ನೂ ಮೆಟ್ಟುಗತ್ತಿಯೇ. ರಾತ್ರಿ ಊಟ ಮುಗಿಸಿ ಆಯಿ, ಅತ್ತಿಗೆ, ಅಣ್ಣ, ಆಚೆಮನೆಯ ಇಬ್ಬರು, ಕೆಲಸಕ್ಕೆ ಬರುವ ಮೂವರು ಹೆಂಗಸರು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಹಸಿ ಅಡಿಕೆಯನ್ನು ಕತ್ತಿಗೆ ಕೊಟ್ಟು ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಬೆರಳಿಗೆ ಚೊಗರು ಹಿಡಿದು ಕಪ್ಪಾಗಿರುತ್ತದೆ. ಎದುರಿಗೆ ಟಿವಿ. ಒಂಬತ್ತೂವರೆಗೆ ಬಿಗ್ ಬಾಸ್ ಶುರು.

ಕಂಬಳಿ ಹೊದ್ದು ಮೂಲೆಯಲ್ಲಿ ಮಲಗಿ ನೋಡುತ್ತಿದ್ದಾಗ ನನಗೆ ಹೊಳೆದದ್ದು: ಇವರು ಟಿವಿ ನೋಡುತ್ತಿಲ್ಲ, ಕೇಳುತ್ತಿದ್ದಾರೆ. ಸುಲಿಯುವವರು ಕತ್ತಿಯಿಂದ ಕಣ್ಣು ತೆಗೆಯುವಂತಿಲ್ಲ, ತೆಗೆದರೆ ಹೆಬ್ಬೆರಳು ಹೋಗುತ್ತದೆ. ಕ್ರಿಕೆಟ್ ಈ ಕೆಲಸಕ್ಕೆ ಆಗಿಬರುವುದಿಲ್ಲ, ತಲೆ ಎತ್ತಬೇಕಾಗುತ್ತದೆ. ಬಿಗ್ ಬಾಸ್ ಅಂದರೆ ಮಾತು, ಬರೀ ಮಾತು. ದನಿಯಲ್ಲೇ ಯಾರು ಅಂತ ಗೊತ್ತಾಗುತ್ತದೆ. ಜಾಹೀರಾತು ಬಂದಾಗ ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬುತ್ತಾರೆ, ಬಚ್ಚಲಿಗೆ ಹೋಗಿ ಬರುತ್ತಾರೆ, ಕವಳ ಹಾಕುತ್ತಾರೆ. 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಈ ಆಟ ಹುಟ್ಟಿಸಿದವರಿಗೆ ಅಡಿಕೆ ಗೊತ್ತಿರಲಿಕ್ಕಿಲ್ಲ. ಆದರೆ ಸುಲಿಯುವವರಿಗಾಗಿಯೇ ಹೊಲಿದ ಅಂಗಿಯ ಹಾಗಿದೆ.

ನಾನು ಈ ಕಾರ್ಯಕ್ರಮವನ್ನು ವರ್ಷಗಟ್ಟಲೆ ಬೈದವನು. 2013ರಲ್ಲಿ ಕನ್ನಡಕ್ಕೆ ಬಂದಾಗಿನಿಂದ. ಹದಿನೇಳೋ ಹದಿನೆಂಟೋ ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ ಜಗಳ ಆಡಿಸುವುದರಲ್ಲಿ ಏನಿದೆ, ಸಂಸಾರ ಹಾಳು ಮಾಡಲಿಕ್ಕೆ ಅಂತ. ಅಪ್ಪಯ್ಯನ ಅಭಿಪ್ರಾಯವೂ ಅದೇ. "ದರಿದ್ರ ಜಗಳ" ಅನ್ನುತ್ತಾನೆ. ಆದರೆ ಒಂಬತ್ತು ಇಪ್ಪತ್ತೈದಕ್ಕೆ ಊಟ ಮುಗಿಸಿ, ಕೈ ತೊಳೆದು, ಆರಾಮ ಕುರ್ಚಿಗೆ ಬಂದಿರುತ್ತಾನೆ. ಹಿಂದೆ ಹೀಗೆ ಸುಲಿಯುವಾಗ ತಾಳಮದ್ದಳೆಯ ಅರ್ಥ ಹೇಳುತ್ತಿದ್ದರು, ಆ ಕಾಲ ಹೋಯಿತು ಅಂತ ಒಮ್ಮೆ ನಿಟ್ಟುಸಿರು ಬಿಟ್ಟ. ಆಯಿ ಕತ್ತಿಯಿಂದ ತಲೆ ಎತ್ತದೇ ಅಂದಳು, "ತಾಳಮದ್ದಳೆ ವರ್ಷಕ್ಕೆ ಎರಡು ದಿನ. ಉಳಿದ ದಿನ ಊರವರ ಸುದ್ದಿ."

ಅದು ನಿಜ. ನಾನೂ ಕೇಳಿ ಬೆಳೆದವನೇ. ಯಾರ ಮನೆ ಕೂಸು ಯಾರ ಬೈಕಿನಲ್ಲಿ ಬಂದಳು, ಯಾರ ಹಿಸ್ಸೆಯಲ್ಲಿ ಯಾರು ಮೋಸ ಮಾಡಿದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಎಷ್ಟೋ ಮದುವೆ ಮಾತುಕತೆ ಮುರಿದುಬಿದ್ದಿವೆ. ಈಗ ಆ ಬಾಯಿಗೆಲ್ಲ ಬಿಗ್ ಬಾಸ್ ಮನೆಯವರು ಸಿಕ್ಕಿದ್ದಾರೆ. ಬೈದರೆ ಅವರಿಗೆ ಕೇಳುವುದಿಲ್ಲ, ಕೇಳಿದರೂ ಅದಕ್ಕೆಂದೇ ಹೋದವರು. ನಮ್ಮೂರಿನ ಮಟ್ಟಿಗೆ ಇದೊಂದು ಲಾಭ ಅಂತಲೇ ನನ್ನ ಲೆಕ್ಕ.

ಇನ್ನೊಂದು ನೋಡಿದೆ. ಆ ರಾತ್ರಿ ತೆರೆಯ ಮೇಲೆ ಯಾರೋ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳ ತೆಗೆದಿದ್ದರು. ಅತ್ತಿಗೆ ಸಣ್ಣ ದನಿಯಲ್ಲಿ ಅಂದಳು, "ಕೆಲಸ ಮಾಡವು ಮಾಡ್ತಾನೇ ಇರ್ತ. ಕ್ಯಾಪ್ಟನ್ ಅಪ್ಪದು ಮತ್ತೊಬ್ರು." ಜಗಲಿ ಒಂದು ಗಳಿಗೆ ಸುಮ್ಮನಾಯಿತು. ಅಣ್ಣ ತನ್ನ ಕತ್ತಿಯನ್ನೇ ನೋಡುತ್ತಿದ್ದ. ಮರುದಿನ ಬೆಳಿಗ್ಗೆ ನನ್ನ ಕಷಾಯದ ಲೋಟ ಅವನೇ ತೊಳೆದಿಟ್ಟ. ಹನ್ನೆರಡು ವರ್ಷದ ಸಂಸಾರದಲ್ಲಿ ಅತ್ತಿಗೆ ನೇರವಾಗಿ ಹೇಳಲಾಗದ ಮಾತು ಟಿವಿಯ ಹೆಗಲ ಮೇಲೆ ಕೂತು ಬಂತು. ದಿಲ್ಲಿಯ ನಮ್ಮ ಮನೆಯಲ್ಲಿ ಇದು ಸಾಧ್ಯವೇ ಇಲ್ಲ. ಅಲ್ಲಿ ಮೂವರಿಗೆ ಮೂರು ಪರದೆ, ಮೂರು ಇಯರ್‌ಫೋನ್. ಮೂರು ಕೋಣೆಯಿಂದ ಬೇರೆ ಬೇರೆ ಹೊತ್ತಿಗೆ ನಗು ಕೇಳುತ್ತದೆ.

ನಮ್ಮ ಜಗಲಿಯ ಓಟೆಲ್ಲ ಹನುಮಂತನಿಗೆ. ಹಾವೇರಿ ಜಿಲ್ಲೆಯ ಕುರಿ ಕಾಯುತ್ತಿದ್ದ ಹುಡುಗ, ಹಾಡಿನ ಸ್ಪರ್ಧೆಯಲ್ಲಿ ಹೆಸರು ಮಾಡಿದವನು, ಈ 11ನೇ ಸೀಸನ್ನಿಗೆ ನಡುವೆ ವೈಲ್ಡ್ ಕಾರ್ಡ್‌ನಲ್ಲಿ ಹೋಗಿದ್ದ. ಹಾವೇರಿ ಅಂದರೆ ನಮಗೆ ಆಚೆ ಜಿಲ್ಲೆ, ಬಸ್ ಹತ್ತಿದರೆ ಬಂತು. ಸೀಸನ್ ಶುರುವಿನಲ್ಲಿ ಮನೆಯನ್ನು ಸ್ವರ್ಗ, ನರಕ ಅಂತ ಎರಡು ಭಾಗ ಮಾಡಿ, ನರಕದವರಿಗೆ ಗಂಜಿ ಕೊಟ್ಟಿದ್ದರು. ಆಯಿಗೆ ಆ ಸಿಟ್ಟು ಇನ್ನೂ ಆರಿರಲಿಲ್ಲ. ಗಂಜಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ನರಕವಾ?

ಹಗಲು ಯಾರೋ ನಿದ್ದೆ ಮಾಡಿದ್ದಕ್ಕೆ ಒಂದಿನ ಬಿಗ್ ಬಾಸ್ ಎಚ್ಚರಿಸಿದಾಗಲೂ ಆಯಿ ಹೇಳಿದಳು, "ಹಗಲಿಗೆ ಮನಗುಲಾಗ್ತಿಲ್ಲೆ ಅಡ. ಅದೆಂತ ಹೊಸಾ ಕಾಯ್ದೆ? ಎಂಗಳ ಮನೇಲಿ ಮೊದ್ಲಿಂದ ಅದೇಯ." ಎಲ್ಲರೂ ನಕ್ಕರು. ನಾನು ಹಗಲು ಪೂರ್ತಿ ಮಲಗಿದ್ದವನು, ನಾನೂ ನಕ್ಕೆ.

ಎರಡು ದಿನ ಬಿಟ್ಟು ಆಯಿಗೆ ಜ್ವರ. ಕೊಟ್ಟವನು ನಾನು, ಇನ್ನು ಯಾರು? ದಿಲ್ಲಿಯಲ್ಲಾದರೆ ಮಾಸ್ಕ್ ಹಾಕುತ್ತಿದ್ದೆ. ಊರಲ್ಲಿ, ಆಯಿಯ ಎದುರು, ಮಾಸ್ಕ್ ಹಾಕಿ ಕೂರಲು ನಾಚಿಕೆಯಾಗಿತ್ತು. ಪರಕೀಯರ ಹಾಗೆ ಕಾಣುತ್ತದೆ ಅಂತ. ಈಗ ಯೋಚಿಸಿದರೆ ಅದರಷ್ಟು ಪೆದ್ದುತನ ಇನ್ನೊಂದಿಲ್ಲ. ಈ ಒಂದು ವಿಷಯದಲ್ಲಿ ಪಂಜಾಬಿ ಅಜ್ಜಿಯೇ ಸರಿ. ಅರವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವುದು ದಿಲ್ಲಿಯ ನಮ್ಮ ಗೆಳೆಯರಲ್ಲಿ ಮಾಮೂಲು. ನಾನು ಆಯಿಗೆ ಹಾಕಿಸಿರಲಿಲ್ಲ.

ಜ್ವರ ಬಂದದ್ದನ್ನು ಆಯಿ ಒಂದಿಡೀ ದಿನ ಯಾರಿಗೂ ಹೇಳಲಿಲ್ಲ. ಕೊಟ್ಟಿಗೆಗೆ ಹೋದಳು, ದನ ಕರೆದಳು, ರಾತ್ರಿ ಮೆಟ್ಟುಗತ್ತಿ ಹಿಡಿದು ಕೂತಳು. ಕೈ ನಡುಗಿ ಅಡಿಕೆ ಜಾರಿ ಬಿದ್ದಾಗ ಅತ್ತಿಗೆ ಹಣೆ ಮುಟ್ಟಿ ನೋಡಿದಳು. ಅಣ್ಣ ಕತ್ತಿ ಕಸಿದುಕೊಂಡ. ನನ್ನ ಜ್ವರಕ್ಕೆ ಊರೆಲ್ಲ ಬಂದಿತ್ತು. ಅವಳದನ್ನು ಕಂಡುಹಿಡಿಯಲು ಒಂದು ಅಡಿಕೆ ಜಾರಬೇಕಾಯಿತು.

ಆಯಿ ಹಿಂದಿನ ವಾರ ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ, ತರಲು ಸೊಪ್ಪಿನಬೆಟ್ಟಕ್ಕೆ ಹೋಗಿದ್ದಳು. ಹಾಗಾಗಿ ಈ ಸಲ ವೈದ್ಯರು ನಗಲಿಲ್ಲ. ರಕ್ತ ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಎರಡು ದಿನ ಕಾದೆವು. ಆ ಎರಡು ದಿನ ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರು ಎತ್ತಲಿಲ್ಲ. ತೀರಾ ಆದರೆ ಹುಬ್ಬಳ್ಳಿಗಾ ಮಣಿಪಾಲಕ್ಕಾ ಅಂತ ಅಣ್ಣನೂ ನಾನೂ ಹಿತ್ತಲಲ್ಲಿ ನಿಂತು ಪಿಸುಗುಟ್ಟಿದೆವು. ಎರಡೂ ದೂರ. ಈ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಅಂದರೆ ಮೊದಲು ಕಿಲೋಮೀಟರಿನ ಲೆಕ್ಕ.

ಆಯಿಯನ್ನು ಒಳಗಿನ ಕೋಣೆಯಲ್ಲಿ ಮಲಗಿಸಿದ್ದೆವು. ನಾನು ದಿಲ್ಲಿಯ ಅಭ್ಯಾಸದಲ್ಲಿ ಬಾಗಿಲು ಎಳೆದುಕೊಂಡು ಬಂದೆ. ಅತ್ತಿಗೆ ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆಗೆದಳು. ಬರುವಾಗ ಟಿವಿಯ ದನಿಯನ್ನು ನಾಲ್ಕು ಗೆರೆ ಏರಿಸಿದಳು. ಅಪ್ಪಯ್ಯ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು, ಕೆಮ್ಮಿನ ಹಿಂದೆ ಮಾತು: "ಸುಳ್ಳು ಹೇಳ್ತಾ ಇದ್ದು ಅದು." ಜಗಲಿಯವರು ಇಲ್ಲಿಂದ ಕೂಗಿ ಉತ್ತರ ಕೊಟ್ಟರು. ಒಂದು ತಾಸು ಹೀಗೇ ನಡೆಯಿತು.

ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ನನ್ನದೇ ದಿಲ್ಲಿಯ ನೆಗಡಿ.

ನಾವು ವಾಪಸ್ ಬಂದೆವು. ಜನವರಿ 26, ಭಾನುವಾರ, ಮಧ್ಯರಾತ್ರಿಯ ಹೊತ್ತಿಗೆ ಫೋನ್ ಬಂತು. ಆ ಹೊತ್ತಿಗೆ ಊರಿನಿಂದ ಕರೆ ಅಂದರೆ ಎದೆ ಹಾರುತ್ತದೆ. ಎತ್ತಿದರೆ ಆಯಿ.

"ಗೆದ್ದಾ ಮಾರಾಯಾ, ಹಾವೇರಿ ಮಾಣಿ!"

ಹಿಂದೆ ಚಪ್ಪಾಳೆ, ಮೆಟ್ಟುಗತ್ತಿಯ ಸದ್ದು. ನಡುವೆ ಅವಳ ಕೆಮ್ಮು. ಇನ್ನೂ ಹೋಗಿಲ್ವಾ, ಇಷ್ಟು ಹೊತ್ತಿನವರೆಗೆ ಎದ್ದು ಸುಲಿಯುತ್ತಾ ಇದ್ದೀಯಾ ಅಂತ ಕೇಳಿದೆ.

"ಸುಮ್ನಿರು ತಮಾ," ಅಂದಳು. "ಸುದೀಪ ಮಾತಾಡ್ತಾ ಇದ್ದ."