ಸ್ಪಷ್ಟನೆ: ಅಲುಗಾಡುವ ರೂಫ್ ರ‍್ಯಾಕ್‌ಗೆ ಸಿಲಿಕೋನ್ ಮದ್ದಲ್ಲ

ಕ್ಯಾಂಪರ್ ವ್ಯಾನ್‌ನ ರೂಫ್ ರ‍್ಯಾಕ್ ಸಡಿಲವಾದರೆ ಬೋಲ್ಟ್ ಸುತ್ತ ಸಿಲಿಕೋನ್ ತುಂಬಿ, ಇನ್ನಷ್ಟು ಬಿಗಿದರೆ ಸಾಕು ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿ ಕೂಡ. ಸೀಲಂಟ್ ನೀರು ತಡೆಯುತ್ತದೆಯೇ ಹೊರತು ಭಾರ ಹೊರುವುದಿಲ್ಲ. ವಿನಿಗರ್ ವಾಸನೆಯ ಸಿಲಿಕೋನ್ ಅಂತೂ ಒಣಗುವಾಗ ಅಸಿಟಿಕ್ ಆಮ್ಲ ಬಿಟ್ಟು, ಬಣ್ಣ ಕಿತ್ತ ತಗಡಿಗೆ ತುಕ್ಕು ಹಿಡಿಸುತ್ತದೆ.

ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಿದ್ದರೆ, ಹಿಡಿತ ಬಿಟ್ಟಿರುವುದು ತಗಡಿನ ತೂತಿನಲ್ಲಿ ಒತ್ತಿ ಕೂರಿಸಿದ, ಬೋಲ್ಟ್ ಹಿಡಿಯುವ ರಿವೆಟ್ ನಟ್. ಇನ್ನೂ ಬಿಗಿದರೆ ಅದು ತೂತನ್ನೇ ತಿಂದು ಅಗಲ ಮಾಡುತ್ತದೆ.

ಮೊದಲು ಒಳಗಿನ ಲೈನಿಂಗ್ ಬಿಚ್ಚಿ. ನಟ್‌ನ ಅಂಚನ್ನು ಇಕ್ಕಳದಲ್ಲಿ ಹಿಡಿದು ಡ್ರಿಲ್ ಮಾಡಿ ತೆಗೆಯಿರಿ. ಎಂ8 (8 ಮಿ.ಮೀ. ಬೋಲ್ಟ್ ಹಿಡಿಯುವ) ನಟ್‌ಗೆ ಸಾಮಾನ್ಯವಾಗಿ 11 ಮಿ.ಮೀ. ತೂತು ಇರುತ್ತದೆ. ಅದು ಅಂಡಾಕಾರವಾಗಿದ್ದರೆ ಅಥವಾ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಮತ್ತೆ ರಿವೆಟ್ ನಟ್ ಹಾಕಬೇಡಿ. ಒಳಗಿನಿಂದ 3 ಮಿ.ಮೀ. ದಪ್ಪದ, ಸುಮಾರು 50×50 ಮಿ.ಮೀ. ಉಕ್ಕಿನ ಪ್ಲೇಟ್ ಕೊಟ್ಟು, ಬೋಲ್ಟ್ ಮತ್ತು ನೈಲಾನ್ ಉಂಗುರವಿದ್ದು ಅದುರಿದರೂ ಸಡಿಲವಾಗದ ನೈಲಾಕ್ ನಟ್‌ನಿಂದ ಹಿಡಿಸಿ. ಪ್ಲೇಟ್ ಸಮತಟ್ಟಾಗಿ ಕೂರಲೇಬೇಕು; ತಗಡಿನ ಉಬ್ಬುಗೆರೆಯ ಮೇಲೆ ಕೂತರೆ ಛಾವಣಿ ಡೊಂಕಾಗುತ್ತದೆ.

ಡ್ರಿಲ್‌ನ ಉಕ್ಕಿನ ಪುಡಿಯನ್ನು ಆಗಲೇ ಗುಡಿಸಿ. ರಾತ್ರಿಯ ಇಬ್ಬನಿ ತಾಗಿದರೆ ಬೆಳಗ್ಗೆ ಬಣ್ಣದ ಮೇಲೆ ಕಂದು ಚುಕ್ಕೆ ಎದ್ದಿರುತ್ತವೆ. ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಪಾಲಿಯುರೆಥೇನ್ ಸೀಲಂಟ್ ಬಳಸಿ. ಬಿಗಿತ ಕೈಯಂದಾಜಿನಲ್ಲಿ ಬೇಡ. ರ‍್ಯಾಕ್ ತಯಾರಕರು ಹೇಳಿದಷ್ಟೇ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ವಾಹನದ ಕೈಪಿಡಿಯಲ್ಲಿರುವ ಛಾವಣಿ ಭಾರದ ಮಿತಿಯಲ್ಲಿ ರ‍್ಯಾಕ್‌ನ ತೂಕವನ್ನೂ ಸಾಮಾನ್ಯವಾಗಿ ಸೇರಿಸಿಯೇ ಲೆಕ್ಕ ಹಾಕಬೇಕು.