ಕದಂಬರಿಗೆ ಮೂರನೇ ಕಣ್ಣು ಯಾಕೆ ಬೇಕು?

ಇವತ್ತು ಸಂಜೆ ಊರಲ್ಲೊಂದು ಸಭೆ. ಮುಖ್ಯ ಭಾಷಣಕಾರರು ಕದಂಬರ ಮೂಲ ಹೇಳೋಕೆ ಶುರು ಮಾಡಿದರು. ತ್ರಿಪುರಸಂಹಾರದಲ್ಲಿ ದಣಿದ ಶಿವನ ಹಣೆಯ ಬೆವರು ಕದಂಬ ಮರದ ಬುಡಕ್ಕೆ ಬಿತ್ತಂತೆ, ಅಲ್ಲಿ ಮೂರು ಕಣ್ಣು, ನಾಲ್ಕು ಕೈಯ ವೀರ ಹುಟ್ಟಿದನಂತೆ, ಅವನೇ ಮೂಲಪುರುಷನಂತೆ. ಭರ್ತಿ ಚಪ್ಪಾಳೆ. ತಾಳಗುಂದದ ಹೆಸರು ಒಂದು ಸಲವೂ ಬರಲಿಲ್ಲ. ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ ನೋಡಿ. ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಕಲ್ಲುಕಂಬ ನಿಂತಿದೆ. ಅಕ್ಷರಗಳು ಬುಡದಿಂದ ಮೇಲಕ್ಕೆ ಏರುತ್ತವೆ, ಓದಬೇಕಾದರೆ ಕತ್ತು ವಾಲಿಸಬೇಕು. 5ನೇ ಶತಮಾನದಲ್ಲಿ ಕದಂಬ ಅರಸ ಶಾಂತಿವರ್ಮನ ಕಾಲದಲ್ಲಿ ಬರೆಸಿದ್ದು. ಸಂಸ್ಕೃತದಲ್ಲಿ ಪದ್ಯ ಕಟ್ಟಿ, ಕಲ್ಲಿನ ಮೇಲೆ ತಾನೇ ಬರೆದವನು ಕುಬ್ಜ ಅನ್ನೋ ಕವಿ. ಮಾನವ್ಯ ಗೋತ್ರದ, ಹಾರಿತಿಪುತ್ರರ ವಂಶ, ವೇದಾಧ್ಯಯನ ಯಜ್ಞಯಾಗಾದಿಗಳ ಬ್ರಾಹ್ಮಣ ಮನೆತನ ಅಂತಾನೆ. ಮನೆಯ ಹತ್ತಿರ ಒಂದು ಕದಂಬದ ಮರ ಇತ್ತು, ಅದನ್ನು ಜೋಪಾನ ಮಾಡಿಕೊಂಡು ಬಂದರು, ಹೆಸರು ಅದರಿಂದಲೇ ಬಂತು ಅಂತಾನೆ. ಬೆವರೂ ಇಲ್ಲ, ಮೂರನೇ ಕಣ್ಣೂ ಇಲ್ಲ.

ಮುಂದಿನ ಭಾಗ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತೆ. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಓದೋಕೆ ಹೋಗ್ತಾನೆ. ಅಲ್ಲಿ ಪಲ್ಲವರ ಕುದುರೆಯವನ ಜೊತೆ ಜಗಳ. ಕಲಿಯುಗದಲ್ಲಿ ಬ್ರಾಹ್ಮಣ ಕ್ಷತ್ರಿಯನಿಗಿಂತ ದುರ್ಬಲನಾದನಲ್ಲಾ ಅಂತ ಕುದಿದು, ದರ್ಭೆ, ಸಮಿತ್ತು, ಸ್ರುಕ್ಕು (ಯಜ್ಞದ ಹುಲ್ಲು, ಕಟ್ಟಿಗೆ, ಸೌಟು) ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡೀತಾನೆ. ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರ್ತಾನೆ, ಬೃಹದ್ಬಾಣ ಅರಸರಿಂದ ಕಪ್ಪ ವಸೂಲಿ ಮಾಡ್ತಾನೆ. ಕೊನೆಗೆ ಪಲ್ಲವರೇ ಪಡುಗಡಲಿನಿಂದ ಪ್ರೇಹರ ಅನ್ನೋ ಎಲ್ಲೆಯವರೆಗಿನ ನೆಲ ಒಪ್ಪಿಸ್ತಾರೆ. ಮಯೂರಶರ್ಮನ ಮಗ ಕಂಗ ಬ್ರಾಹ್ಮಣರ ‘ಶರ್ಮ’ ಬಿಟ್ಟು ಕ್ಷತ್ರಿಯರ ‘ವರ್ಮ’ ಹಿಡಿದು ಕಂಗವರ್ಮನಾಗ್ತಾನೆ.

‘ಅದೂ ಆಸ್ಥಾನಕವಿಯ ಹೊಗಳಿಕೆ ತಾನೇ, ಗೋತ್ರವನ್ನೂ ಆಮೇಲೆ ಅಂಟಿಸಿಕೊಂಡಿರಬಹುದು, ಮರವನ್ನು ಪೂಜಿಸುತ್ತಿದ್ದ ಸ್ಥಳೀಯ ಕುಲವೇ ಇರಬೇಕು’ ಅನ್ನುವವರಿದ್ದಾರೆ. ಹೊಗಳಿಕೆ ಹೌದು, ಶಾಂತಿವರ್ಮ ಮಯೂರನ ಮರಿಮಗನ ಮಗ, ನಡುವೆ ಸುಮಾರು ನೂರು ವರ್ಷ ಕಳೆದಿದೆ. ಆದರೆ ಬರೀ ಹೊಗಳೋಕೆ ಕೂತ ಕವಿಗೆ ಮೂಲಪುರುಷನ ಅವಮಾನ ಬರೆಯುವ ದರ್ದು ಏನಿತ್ತು? ಶಾಂತಿವರ್ಮನ ಅಪ್ಪ ಕಾಕುಸ್ಥವರ್ಮನ ಹೆಣ್ಣುಮಕ್ಕಳು ಗುಪ್ತರ ಮನೆ ಸೇರಿದ್ದ ಕಾಲ ಅದು. ಅಂಥ ವೈಭವದಲ್ಲೂ ನಮ್ಮಜ್ಜ ಓದೋಕೆ ಹೋಗಿ ಅವಮಾನ ತಿಂದ ಅಂತ ಕಲ್ಲಿನಲ್ಲಿ ಬರೆಸಿದರು. ಅದಕ್ಕೇ ನಾನು ಕುಬ್ಜನನ್ನು ನಂಬ್ತೀನಿ.

ಮುಕ್ಕಣ್ಣನ ಕಥೆ ಹಬ್ಬಿದ್ದು ಎಷ್ಟೋ ಶತಮಾನ ಕಳೆದ ಮೇಲೆ, ಗೋವೆ, ಹಾನಗಲ್ಲಿನ ಕದಂಬರ ಕಾಲದಲ್ಲಿ. ಮಯೂರ ಜೈನ ಮುನಿಯೊಬ್ಬನ ತಂಗಿಯ ಮಗ ಅನ್ನುವ ಇನ್ನೊಂದು ಕಥೆಯೂ ಉಂಟು.

ನಾನು ಹವ್ಯಕರ ಮನೆಯವನು ಅಂತ ನಿಮಗೆಲ್ಲ ಗೊತ್ತು. ನಮ್ಮ ಹಿರಿಯರನ್ನು ಮಯೂರವರ್ಮ (ಈ ಮಯೂರಶರ್ಮನೇ) ಉತ್ತರ ಭಾರತದ ಅಹಿಚ್ಛತ್ರದಿಂದ ಕರೆತಂದ ಅಂತ ಅಜ್ಜ ಹೇಳುವಾಗ ಎದೆ ಉಬ್ಬುತ್ತಿತ್ತು, ಈಗಲೂ ಆ ಕಥೆ ಮೇಲೆ ಪ್ರೀತಿ ಇದೆ. ಆದರೆ ಕುಬ್ಜನ ಕಂಬದಲ್ಲಿ ಅಹಿಚ್ಛತ್ರದ ಹೆಸರೇ ಇಲ್ಲ. ತಾಳಗುಂದದಲ್ಲೇ ಅದನ್ನು ಹೇಳುವ ಶಾಸನ ಬಹಳ ತಡವಾಗಿ ಬಂದದ್ದು, ಅಲ್ಲೂ ಕರೆತಂದವನು ಮುಕ್ಕಣ್ಣ ಕದಂಬ. ಅಜ್ಜನ ಮೇಲಿನ ಪ್ರೀತಿಗೆ ಕಲ್ಲಿನ ಮಾತನ್ನು ಬದಿಗಿಡೋಕೆ ನನ್ನಿಂದ ಆಗಲ್ಲ.

ಮಯೂರ ನಮ್ಮ ಜಾತಿಯವನು, ನಿಮ್ಮವನಲ್ಲ ಅಂತ ಕಾಮೆಂಟಿನಲ್ಲಿ ಕಿತ್ತಾಡಬೇಡಿ, ಅಳಿಸಿಹಾಕ್ತೀನಿ. ಸಂಘಟಕರಲ್ಲಿ ಒಂದೇ ಕೋರಿಕೆ: ಮುಂದಿನ ಸಲ ಭಾಷಣಕ್ಕೆ ಮುಂಚೆ ಕುಬ್ಜನ ಪದ್ಯಗಳನ್ನು ಕನ್ನಡ ಅರ್ಥದ ಜೊತೆ ಓದಿಸಿ. ಓದುವವರು ಸಿಗದಿದ್ದರೆ ನಾನೇ ಬರ್ತೀನಿ.